ಕಾಳಿನ ಭಾರ ನೆಲಕ್ಕೆಷ್ಟು, ಗೋಡೆಗೆಷ್ಟು? ಅಯಸ್ಕಾಂತ ಈ ಪಾಲನ್ನು ಬದಲಿಸುವ ಬಗೆ

6 ಮೀಟರ್ ಅಗಲ, 30 ಮೀಟರ್ ಎತ್ತರದ ಒಂದು ದುಂಡನೆಯ ಸೈಲೊ, ಅಂದರೆ ಧಾನ್ಯ ತುಂಬಿಡುವ ಗೋಪುರ, ಇದೆ ಅಂದುಕೊಳ್ಳಿ. ಅದರ ತುಂಬ ಗೋಧಿ. ಲೆಕ್ಕ ಹಾಕಿದರೆ ಹತ್ತಿರ ಹತ್ತಿರ 650 ಟನ್ ಆಗುತ್ತದೆ. ಈಗ ನೆಲದ ಮೇಲೆ ಮಾತ್ರ ಎಷ್ಟು ಭಾರ ಬೀಳುತ್ತಿದೆ ಎಂದು ಅಳೆದರೆ ಎಷ್ಟು ಬರಬೇಕು? 650 ಟನ್ ಅಲ್ವಾ? ಬರುವುದಿಲ್ಲ. ಸುಮಾರು 160 ಟನ್ ಮಾತ್ರ ಬರುತ್ತದೆ. ಉಳಿದ 490 ಟನ್ ಗೋಡೆಯ ಮೇಲಿರುತ್ತದೆ.

ಇನ್ನೂ ವಿಚಿತ್ರ ಅಂದರೆ, ಅದೇ ಸೈಲೊವನ್ನು 40 ಮೀಟರ್ ಎತ್ತರ ಕಟ್ಟಿ, ಮೇಲೆ ಇನ್ನೂ 200 ಟನ್ನಿಗಿಂತ ಜಾಸ್ತಿ ಗೋಧಿ ಸುರಿದರೂ ನೆಲದ ಪಾಲು ಏರುವುದು ಒಂದೆರಡು ಟನ್ ಅಷ್ಟೇ. ಹೊಸ ಭಾರವೆಲ್ಲ ಹೋಗಿ ಗೋಡೆಗೆ ಸೇರುತ್ತದೆ.

ನೀರಿನಲ್ಲಿ ಹೀಗೆ ಆಗುವುದೇ ಇಲ್ಲ. ನೀರಿನ ಟ್ಯಾಂಕಿನಲ್ಲಿ ಎತ್ತರ ಎರಡರಷ್ಟಾದರೆ ತಳದ ಒತ್ತಡವೂ ಎರಡರಷ್ಟು. ಕಾಳು ಸುರಿದರೆ ನೀರಿನಂತೆ ಹರಿಯುತ್ತದೆ, ಆದರೆ ನಿಂತಾಗ ನೀರಿನಂತೆ ಒತ್ತುವುದಿಲ್ಲ. ಈ ವ್ಯತ್ಯಾಸಕ್ಕೆ ಕಾರಣ ಘರ್ಷಣೆ. ಗೋಧಿಯ ಬದಲು ಉಕ್ಕಿನ ಸಣ್ಣ ಗುಂಡುಗಳನ್ನು ತುಂಬಿ ಸುತ್ತ ಕಾಂತಕ್ಷೇತ್ರ ಹಬ್ಬಿಸಿದರೆ, ಇದೇ ಘರ್ಷಣೆಯನ್ನು ನಮಗೆ ಬೇಕಾದಂತೆ ಏರಿಸಬಹುದು, ಇಳಿಸಬಹುದು. ಆದರೆ ಮೊದಲು ಬರಿಯ ಕಾಳಿನ ವಿಷಯ ಗಟ್ಟಿಯಾಗಿ ತಿಳಿಯಬೇಕು. ಅದಿಲ್ಲದೆ ಅಯಸ್ಕಾಂತದ ಭಾಗ ಸುಮ್ನೆ ಮಾಯಾಜಾಲದಂತೆ ಕಾಣುತ್ತದೆ.

ಬ್ರೆಮನ್‌ನ ಎಂಜಿನಿಯರ್ ತೂಗಿ ನೋಡಿದ್ದು

19ನೇ ಶತಮಾನದ ಕೊನೆಯಲ್ಲಿ ಯುರೋಪಿನ ಬಂದರುಗಳಲ್ಲಿ ಎತ್ತರದ ಧಾನ್ಯದ ಸೈಲೊಗಳು ಏಳತೊಡಗಿದವು. ಗೋಡೆ ಎಷ್ಟು ದಪ್ಪ ಇರಬೇಕು, ತಳ ಎಷ್ಟು ಗಟ್ಟಿ ಇರಬೇಕು ಎಂದು ಕಟ್ಟುವವರಿಗೆ ತಿಳಿಯಬೇಕಿತ್ತು. 1880ರ ದಶಕದಲ್ಲೇ ಇಂಗ್ಲೆಂಡಿನ ಐಸಾಕ್ ರಾಬರ್ಟ್ಸ್ ಕಾಳಿನ ಒತ್ತಡ ಒಂದು ಮಟ್ಟಕ್ಕೆ ಏರಿ ನಿಂತುಬಿಡುತ್ತದೆ ಎಂದು ಗಮನಿಸಿದ್ದರು. ಅದಕ್ಕೆ ಲೆಕ್ಕ ಕೊಟ್ಟವರು ಜರ್ಮನಿಯ ಬ್ರೆಮನ್‌ನ ಎಂಜಿನಿಯರ್ ಎಚ್. ಎ. ಜಾನ್ಸನ್. ಚೌಕಾಕಾರದ ಮಾದರಿ ಸೈಲೊಗಳನ್ನು ಮಾಡಿ, ತಳವನ್ನು ಗೋಡೆಯಿಂದ ಬೇರೆ ಮಾಡಿ ತಕ್ಕಡಿಯ ಮೇಲೆ ಕೂರಿಸಿ, ಕಾಳು ಸುರಿಯುತ್ತ ಹೋದಂತೆ ತಳದ ಭಾರ ಹೇಗೆ ಬದಲಾಗುತ್ತದೆ ಎಂದು ಅವರು ತೂಗಿದರು. 1895ರಲ್ಲಿ ಅದನ್ನು ಜರ್ಮನ್ ಎಂಜಿನಿಯರುಗಳ ಸಂಘದ ಪತ್ರಿಕೆಯಲ್ಲಿ ಪ್ರಕಟಿಸಿದರು. ಇವತ್ತಿಗೂ ಈ ವಿದ್ಯಮಾನಕ್ಕೆ ಜಾನ್ಸನ್ ಪರಿಣಾಮ ಎಂದೇ ಹೆಸರು. ಸೈಲೊ ಕಟ್ಟುವ ನಿಯಮಗಳಲ್ಲಿ ಇವತ್ತೂ ಅವರ ಸೂತ್ರವೇ ಅಡಿಪಾಯ.

ಅವರ ಯೋಚನೆ ತುಂಬ ಸರಳ. ಕಾಳಿನ ರಾಶಿಯಿಂದ ಒಂದು ತೆಳ್ಳನೆಯ ಬಿಲ್ಲೆಯನ್ನು ಮನಸ್ಸಿನಲ್ಲೇ ಕತ್ತರಿಸಿಕೊಳ್ಳಿ. ಮೇಲಿನ ಕಾಳು ಅದನ್ನು ಕೆಳಕ್ಕೆ ಒತ್ತುತ್ತದೆ. ಅದರ ಸ್ವಂತ ತೂಕವೂ ಕೆಳಕ್ಕೇ. ಆದರೆ ಕಾಳನ್ನು ಮೇಲಿಂದ ಒತ್ತಿದರೆ ಅದು ಪಕ್ಕಕ್ಕೂ ಸರಿಯಲು ನೋಡುತ್ತದೆ. ಹಾಗಾಗಿ ಬಿಲ್ಲೆ ಗೋಡೆಯನ್ನು ಒತ್ತುತ್ತದೆ. ಒತ್ತಿದಲ್ಲಿ ಘರ್ಷಣೆ ಹುಟ್ಟುತ್ತದೆ. ಕಾಳು ಕೆಳಗೆ ಜಾರಲು ನೋಡುವುದರಿಂದ ಈ ಘರ್ಷಣೆ ಅದನ್ನು ಮೇಲಕ್ಕೆ ಹಿಡಿಯುತ್ತದೆ. ಹಳೆಯ ಕಿರಿದಾದ ಬಾವಿಗೆ ಇಳಿಯುವವರು ಬೆನ್ನನ್ನು ಒಂದು ಬದಿಗೂ ಕಾಲನ್ನು ಇನ್ನೊಂದು ಬದಿಗೂ ಒತ್ತಿ ನಡುವೆ ನಿಲ್ಲುತ್ತಾರಲ್ಲ, ಹಾಗೆ. ಎಷ್ಟು ಜೋರಾಗಿ ಒತ್ತುತ್ತಾರೋ ಅಷ್ಟು ಗಟ್ಟಿ ಹಿಡಿತ.

ಆಳಕ್ಕೆ ಹೋದಂತೆ ಒತ್ತಡ ಜಾಸ್ತಿ, ಆದ್ದರಿಂದ ಗೋಡೆಯ ಹಿಡಿತವೂ ಜಾಸ್ತಿ. ಒಂದು ಆಳಕ್ಕೆ ಬಂದಾಗ ಬಿಲ್ಲೆಯ ಸ್ವಂತ ತೂಕವನ್ನು ಪೂರ್ತಿ ಗೋಡೆಯೇ ಹೊತ್ತುಬಿಡುತ್ತದೆ. ಅಲ್ಲಿಂದ ಕೆಳಗೆ ಒತ್ತಡ ಏರುವುದಿಲ್ಲ.

ಆ ಆಳ ಎಷ್ಟು ಎಂಬುದನ್ನು ಮೂರು ಸಂಗತಿಗಳು ನಿರ್ಧರಿಸುತ್ತವೆ. ಒಂದು, ಕಂಬದ, ಅಂದರೆ ಸೈಲೊದಲ್ಲಿ ನಿಂತ ಕಾಳಿನ ರಾಶಿಯ, ಅಗಲ. ಎರಡು, ಗೋಡೆ ಮತ್ತು ಕಾಳಿನ ನಡುವಿನ ಘರ್ಷಣೆಯ ಗುಣಾಂಕ. ಮೂರು, ಕೆಳಮುಖದ ಒತ್ತಡದಲ್ಲಿ ಎಷ್ಟು ಪಾಲು ಅಡ್ಡಕ್ಕೆ ತಿರುಗುತ್ತದೆ ಎಂಬ ಅನುಪಾತ. ಇದನ್ನು ಅಡ್ಡ ಪಾಲು ಎಂದು ಕರೆಯೋಣ. ಅಗಲವನ್ನು 4, ಘರ್ಷಣೆ, ಅಡ್ಡ ಪಾಲು ಈ ಮೂರರ ಗುಣಲಬ್ಧದಿಂದ ಭಾಗಿಸಿದರೆ ಒಂದು ಉದ್ದ ಸಿಗುತ್ತದೆ. ನಮ್ಮ ಸೈಲೊದಲ್ಲಿ ಘರ್ಷಣೆ 0.4, ಅಡ್ಡ ಪಾಲು 0.5 ಎಂದು ಹಿಡಿದರೆ ಆ ಉದ್ದ 7.5 ಮೀಟರ್. ಅಷ್ಟು ಆಳದಲ್ಲಿ ಒತ್ತಡ ತನ್ನ ಕೊನೆಯ ಮಟ್ಟದ 63 ಶೇಕಡ ಮುಟ್ಟಿರುತ್ತದೆ. ಅದರ ಮೂರರಷ್ಟು ಆಳದಲ್ಲಿ 95 ಶೇಕಡ. ಆಮೇಲೆ ಬಹುತೇಕ ಸಮತಟ್ಟು.

ಇದನ್ನು ಮನೆಯಲ್ಲೇ ನೋಡಬಹುದು. 4 ಸೆಂಟಿಮೀಟರ್ ಅಗಲದ ಪ್ಲಾಸ್ಟಿಕ್ ಪೈಪೊಂದನ್ನು ಅಡುಗೆಮನೆಯ ತೂಕದ ಯಂತ್ರದ ಮೇಲೆ ನೇರವಾಗಿ ನಿಲ್ಲುವಂತೆ ಬೇರೆ ಆಧಾರಕ್ಕೆ ಕಟ್ಟಿ. ಪೈಪ್ ಯಂತ್ರವನ್ನು ಮುಟ್ಟಬಾರದು. ನಡುವೆ ಒಂದು ಮಿಲಿಮೀಟರ್ ಸಂದು ಸಾಕು, ಹೆಸರುಕಾಳು ಅದರಲ್ಲಿ ನುಸುಳುವುದಿಲ್ಲ. ಈಗ ಕಾಳನ್ನು ಸ್ವಲ್ಪ ಸ್ವಲ್ಪವೇ ಸುರಿಯಿರಿ. ಮೊದಲು ಬಿದ್ದ ಸ್ವಲ್ಪ ಕಾಳು ಬಹುತೇಕ ಪೂರ್ತಿ ತೂಗುತ್ತದೆ. ಆಮೇಲೆ ಅಂಕೆ ಹಿಂದೆ ಬೀಳುತ್ತದೆ. ಅರ್ಧ ಕಿಲೊ ಸುರಿದರೂ ಲೆಕ್ಕದ ಪ್ರಕಾರ ಯಂತ್ರ 50ರಿಂದ 70 ಗ್ರಾಂ ಆಸುಪಾಸಿನಲ್ಲೇ ನಿಲ್ಲಬೇಕು. ಪೈಪ್ ಎಷ್ಟು ನುಣುಪು ಎನ್ನುವುದರ ಮೇಲೆ ಇದು ಆಚೀಚೆ ಆಗುತ್ತದೆ.

ಇಲ್ಲೊಂದು ಸೂಕ್ಷ್ಮ ಇದೆ. ಘರ್ಷಣೆಗೆ ತನ್ನದೇ ಆದ ಖಾಯಂ ದಿಕ್ಕಿಲ್ಲ. ಜಾರಲು ನೋಡುವ ದಿಕ್ಕಿಗೆ ಅದು ಯಾವಾಗಲೂ ಎದುರು. ಪೈಪನ್ನು ಕೂದಲೆಳೆಯಷ್ಟು ಮೇಲಕ್ಕೆತ್ತಿದರೆ ಗೋಡೆ ಕಾಳನ್ನು ಮೇಲಕ್ಕೆಳೆಯುತ್ತದೆ, ಅಂಕೆ ಇಳಿಯುತ್ತದೆ. ಅದೇ ಪೈಪನ್ನು ಕೆಳಕ್ಕೆ ಒತ್ತಿದರೆ ಗೋಡೆಯೇ ಕಾಳನ್ನು ಕೆಳಕ್ಕೆ ತಳ್ಳುತ್ತದೆ, ಅಂಕೆ ಸುರಿದ ತೂಕವನ್ನೂ ಮೀರಬಹುದು. ಅದಕ್ಕೇ ಪ್ರಯೋಗಾಲಯಗಳಲ್ಲಿ ಗೋಡೆಯನ್ನೋ ತಳವನ್ನೋ ತುಂಬ ನಿಧಾನವಾಗಿ ಸರಿಸುತ್ತ ಅಳೆಯುತ್ತಾರೆ. ಆಗ ಎಲ್ಲ ಕಾಳೂ ಒಂದೇ ದಿಕ್ಕಿಗೆ ಜಾರುವ ಅಂಚಿನಲ್ಲಿರುತ್ತವೆ, ಅಳತೆ ನಂಬುವಂತಿರುತ್ತದೆ. ಕಾಳಿನ ಗಾತ್ರಕ್ಕೆ ಹೋಲಿಸಿದರೆ ಕೊಳವೆ ತುಂಬ ಕಿರಿದಾಗಿದ್ದಾಗ, ಸುರಿದದ್ದಕ್ಕಿಂತ ಜಾಸ್ತಿ ಭಾರ ತಳದಲ್ಲಿ ಕಾಣುವುದನ್ನು 2020ರಲ್ಲಿ ವರದಿ ಮಾಡಿದ್ದಾರೆ. ಅದನ್ನು ಉಲ್ಟಾ ಜಾನ್ಸನ್ ಪರಿಣಾಮ ಎನ್ನುತ್ತಾರೆ.

ಮರಳು ಗಡಿಯಾರದಲ್ಲಿ ಮರಳು ಒಂದೇ ವೇಗದಲ್ಲಿ ಬೀಳುವುದಕ್ಕೂ ಜಾನ್ಸನ್ ಪರಿಣಾಮವೇ ಕಾರಣ ಎಂದು ಹಲವು ಕಡೆ ಓದಿರುತ್ತೀರಿ. ಅದನ್ನು ಒಪ್ಪಬೇಡಿ. ಮೇಲಿನ ಒತ್ತಡವನ್ನು ಬದಲಿಸಿದರೂ ರಂಧ್ರದಿಂದ ಬೀಳುವ ವೇಗ ಬಹುತೇಕ ಬದಲಾಗುವುದಿಲ್ಲ ಎಂದು ಪ್ರಯೋಗಗಳು ತೋರಿಸಿವೆ. ಬೀಳುವ ವೇಗವನ್ನು ನಿರ್ಧರಿಸುವುದು ರಂಧ್ರದ ಹತ್ತಿರದ ಸಣ್ಣ ಜಾಗ.

ಗುಂಡುಗಳೆಲ್ಲ ಅಯಸ್ಕಾಂತವಾದಾಗ

ಈಗ ಗೋಧಿ ತೆಗೆದು ಉಕ್ಕಿನ ಗುಂಡು ತುಂಬೋಣ. ಸೈಕಲ್ ಬೇರಿಂಗಿನಲ್ಲಿ ಇರುವಂಥವು, ಆದರೆ ಇನ್ನೂ ಸಣ್ಣವು. ಕೊಳವೆ ಗಾಜಿನದ್ದೋ ಪ್ಲಾಸ್ಟಿಕ್ಕಿನದ್ದೋ ಇರಲಿ, ಅದಕ್ಕೆ ಅಯಸ್ಕಾಂತದ ಗೊಡವೆ ಇರಬಾರದು.

ಒಂದು ಅಯಸ್ಕಾಂತ ತಂದು ತಳದಲ್ಲಿಟ್ಟರೆ ಗುಂಡುಗಳು ಅದರತ್ತ ಎಳೆಯಲ್ಪಡುತ್ತವೆ, ತಳದ ಭಾರ ಏರುತ್ತದೆ. ಅದರಲ್ಲಿ ಹೊಸದೇನಿಲ್ಲ. ನಮಗೆ ಬೇಕಾದದ್ದು ಎಲ್ಲೆಡೆ ಒಂದೇ ಸಮ ಇರುವ ಕಾಂತಕ್ಷೇತ್ರ. ಎರಡು ದೊಡ್ಡ ತಂತಿ ಸುರುಳಿಗಳನ್ನು ಎದುರುಬದುರು ಇಟ್ಟು ವಿದ್ಯುತ್ ಹರಿಸಿದರೆ ನಡುವಿನ ಜಾಗದಲ್ಲಿ ಅಂಥ ಕ್ಷೇತ್ರ ಸಿಗುತ್ತದೆ. ಒಂದೇ ಸಮನಾದ ಕ್ಷೇತ್ರ ಉಕ್ಕಿನ ಗುಂಡನ್ನು ಯಾವ ಕಡೆಗೂ ಎಳೆಯುವುದಿಲ್ಲ. ಗುಂಡಿನ ಉತ್ತರ ಧ್ರುವವನ್ನು ಎಷ್ಟು ಈ ಕಡೆ ಎಳೆಯುತ್ತದೋ ದಕ್ಷಿಣ ಧ್ರುವವನ್ನು ಅಷ್ಟೇ ಆ ಕಡೆ ಎಳೆಯುತ್ತದೆ. ಆದರೆ ಅದು ಪ್ರತಿ ಗುಂಡನ್ನೂ ಒಂದೊಂದು ಪುಟ್ಟ ಅಯಸ್ಕಾಂತವನ್ನಾಗಿ ಮಾಡುತ್ತದೆ. ಎಲ್ಲದರ ಮುಖವೂ ಒಂದೇ ದಿಕ್ಕಿಗೆ. ಆಮೇಲಿನ ಆಟ ಗುಂಡು ಗುಂಡುಗಳ ನಡುವೆ.

ಕ್ಷೇತ್ರ ನೆಟ್ಟಗೆ ಮೇಲ್ಮುಖ ಇದೆ ಎಂದಿಟ್ಟುಕೊಳ್ಳಿ. ಒಂದರ ತಲೆಯ ಮೇಲೆ ಇನ್ನೊಂದು ಕೂತ ಗುಂಡುಗಳು ಒಂದನ್ನೊಂದು ಸೆಳೆಯುತ್ತವೆ, ಏಕೆಂದರೆ ಕೆಳಗಿನದರ ಉತ್ತರ ಧ್ರುವಕ್ಕೆ ಮೇಲಿನದರ ದಕ್ಷಿಣ ಧ್ರುವ ತಾಗಿರುತ್ತದೆ. ಪಕ್ಕಪಕ್ಕದಲ್ಲಿ ಒಂದೇ ಮಟ್ಟದಲ್ಲಿ ಕೂತ ಗುಂಡುಗಳು ಒಂದನ್ನೊಂದು ದೂರ ತಳ್ಳುತ್ತವೆ. ಮೇಲೆ ಕೆಳಗೆ ಇರುವ ಜೋಡಿಯ ಸೆಳೆತ, ಅಕ್ಕಪಕ್ಕದ ಜೋಡಿಯ ತಳ್ಳುವಿಕೆಗಿಂತ ಎರಡರಷ್ಟು ಜೋರು. ಓರೆಯಾಗಿ ಕೂತ ಜೋಡಿಗಳಲ್ಲಿ ಬಲ ಕೋನಕ್ಕೆ ತಕ್ಕಂತೆ ಬದಲಾಗುತ್ತದೆ. ಕ್ಷೇತ್ರದ ದಿಕ್ಕಿನಿಂದ ಸುಮಾರು 55 ಡಿಗ್ರಿ ಓರೆಯಾದಾಗ ಸೆಳೆತ ಮುಗಿದು ತಳ್ಳುವಿಕೆ ಶುರುವಾಗುತ್ತದೆ.

ಈ ಬಲ ಎಷ್ಟು ದೊಡ್ಡದು? 2 ಮಿಲಿಮೀಟರ್ ಅಗಲದ ಉಕ್ಕಿನ ಗುಂಡಿಗೆ ಸರಳ ಲೆಕ್ಕ ಹಾಕಿದರೆ, 10 ಮಿಲಿಟೆಸ್ಲಾ (ಕಾಂತಕ್ಷೇತ್ರದ ಬಲ ಅಳೆಯುವ ಮಾನ) ಆಸುಪಾಸಿನ ಕ್ಷೇತ್ರದಲ್ಲಿ ಮೇಲೆ ಕೆಳಗೆ ತಾಗಿ ಕೂತ ಎರಡು ಗುಂಡುಗಳ ಸೆಳೆತ ಒಂದು ಗುಂಡಿನ ತೂಕಕ್ಕೆ ಸರಿಸಮ. ಭೂಮಿಯ ಕಾಂತಕ್ಷೇತ್ರ ನಮ್ಮಲ್ಲಿ 0.04 ಮಿಲಿಟೆಸ್ಲಾ ಆಸುಪಾಸು ಇರುತ್ತದೆ. ಹಾಗಾಗಿ ಸುಮ್ಮನೆ ಇಟ್ಟ ಗುಂಡುಗಳಲ್ಲಿ ಇದೇನೂ ಕಾಣುವುದಿಲ್ಲ. ಆದರೆ ಬಲ ಕ್ಷೇತ್ರದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಕ್ಷೇತ್ರ ಎರಡರಷ್ಟಾದರೆ ಬಲ ನಾಲ್ಕರಷ್ಟು. ಇದರಿಂದಲೇ ಇನ್ನೊಂದು ಮಾತೂ ಹೊರಡುತ್ತದೆ. ಕ್ಷೇತ್ರವನ್ನು ತಲೆಕೆಳಗು ಮಾಡಿದರೆ ಬಲದಲ್ಲಿ ಏನೂ ಬದಲಾಗುವುದಿಲ್ಲ, ಏಕೆಂದರೆ ಎಲ್ಲ ಗುಂಡುಗಳೂ ಒಟ್ಟಿಗೇ ತಿರುಗುತ್ತವೆ. ಕ್ಷೇತ್ರವನ್ನು ನೆಟ್ಟಗಿನಿಂದ ಅಡ್ಡಕ್ಕೆ ತಿರುಗಿಸಿದರೆ ಮಾತ್ರ ಯಾವ ಜೋಡಿ ಸೆಳೆಯುತ್ತದೆ, ಯಾವುದು ತಳ್ಳುತ್ತದೆ ಎನ್ನುವುದು ಬದಲಾಗುತ್ತದೆ. ಗುಂಡು ಸಣ್ಣದಾದಷ್ಟೂ ಪರಿಣಾಮ ಜಾಸ್ತಿ. ಬಲ ತ್ರಿಜ್ಯದ ವರ್ಗದಂತೆ ಇಳಿಯುತ್ತದೆ, ತೂಕ ಘನದಂತೆ ಇಳಿಯುತ್ತದೆ.

ಗೋಡೆಯ ಅಂಚಿನಲ್ಲೇ ಎಲ್ಲ ತೀರ್ಮಾನ

ಕಂಬದ ನಡುವೆ ಇರುವ ಗುಂಡಿಗೆ ಎಲ್ಲ ಕಡೆಯೂ ನೆರೆಯವರಿದ್ದಾರೆ. ಎಡಗಡೆಯವರು ತಳ್ಳಿದರೆ ಬಲಗಡೆಯವರೂ ತಳ್ಳುತ್ತಾರೆ. ಸರಾಸರಿಯಲ್ಲಿ ಕೂಡಿಸಿ ಕಳೆದರೆ ಹೆಚ್ಚೇನೂ ಉಳಿಯುವುದಿಲ್ಲ. ಗೋಡೆಗೆ ತಾಗಿದ ಗುಂಡಿನ ಕಥೆ ಬೇರೆ. ಅದರ ಒಂದು ಕಡೆ ಗೋಡೆ. ಅಲ್ಲಿ ಅಯಸ್ಕಾಂತವೇ ಇಲ್ಲ. ನೆರೆಯವರೆಲ್ಲ ಇನ್ನೊಂದೇ ಕಡೆ. ಹಾಗಾಗಿ ಅವರ ತಳ್ಳುವಿಕೆ, ಸೆಳೆತ ಸರಿದೂಗುವುದಿಲ್ಲ. ಒಂದೇ ಮಟ್ಟದ ನೆರೆಯವರು ಅದನ್ನು ಗೋಡೆಯತ್ತ ತಳ್ಳುತ್ತಾರೆ, ಓರೆಯಾಗಿ ಮೇಲೆ ಕೆಳಗೆ ಇರುವವರಲ್ಲಿ ಕೆಲವರು ಒಳಕ್ಕೆ ಎಳೆಯುತ್ತಾರೆ. ಇವುಗಳ ಮೊತ್ತವೇ ಗೋಡೆಯ ಮೇಲಿನ ಹೆಚ್ಚುವರಿ ಒತ್ತು. ಅದು ಹೊರಮುಖವೋ ಒಳಮುಖವೋ, ಎಷ್ಟು ಜೋರು, ಇದೆಲ್ಲ ಕ್ಷೇತ್ರದ ಬಲ, ಕ್ಷೇತ್ರದ ದಿಕ್ಕು, ಗುಂಡುಗಳು ಕೂತ ಬಗೆ ಇವುಗಳಿಂದ ತೀರ್ಮಾನವಾಗುತ್ತದೆ.

2021ರಲ್ಲಿ ಫ್ರಾನ್ಸಿನ ಲಿಯೊನ್ ಮತ್ತು ನಾರ್ವೆಯ ಓಸ್ಲೊದ ಭೌತವಿಜ್ಞಾನಿಗಳ ಒಂದು ತಂಡ ಇದನ್ನು ನೇಚರ್ ಕಮ್ಯುನಿಕೇಶನ್ಸ್ ಪತ್ರಿಕೆಯಲ್ಲಿ ಪ್ರಕಟಿಸಿತು. ಇದಕ್ಕೆ ಅವರು ಕೊಟ್ಟ ಹೆಸರು ಕಾಂತೀಯ ಜಾನ್ಸನ್ ಪರಿಣಾಮ. ಗುಂಡು ಗುಂಡುಗಳ ನಡುವಿನ ಈ ದಿಕ್ಕು ನೋಡುವ ಬಲದಿಂದ ಗೋಡೆಯುದ್ದಕ್ಕೂ ಒಂದು ಅಡ್ಡ ಬಲ ಹುಟ್ಟುತ್ತದೆ, ಅದರ ಗಾತ್ರವನ್ನೂ ದಿಕ್ಕನ್ನೂ ಹೊರಗಿನ ಕ್ಷೇತ್ರದಿಂದಲೇ ನಿಯಂತ್ರಿಸಬಹುದು ಎಂದು ಅವರು ತೋರಿಸಿದರು. ಹೀಗೆ ತಳದಲ್ಲಿ ಕಾಣುವ ತೂಕವನ್ನು ನಯವಾಗಿ ಹೊಂದಿಸಬಹುದು. ಜಾನ್ಸನ್ ಕಾಲದಲ್ಲಿ ಘರ್ಷಣೆ ಎಂದರೆ ವಸ್ತುವಿನ ಜೊತೆ ಬಂದ ಗುಣ. ಗೋಡೆಯನ್ನು ಬದಲಿಸದೆ, ಕಾಳನ್ನು ಬದಲಿಸದೆ ಗೋಡೆಯ ಹಿಡಿತವನ್ನು ಹೊರಗಿನಿಂದ ತಿರುವುವುದು ಸಾಧ್ಯ ಎನ್ನುವುದು ನನಗೆ ಈ ಕೆಲಸದ ಅತ್ಯಂತ ಸುಂದರ ಭಾಗ.

ಹಳೆಯ ಸೂತ್ರಕ್ಕೆ ಈ ಹೊಸ ಬಲವನ್ನು ಸೇರಿಸುವುದು ಕಷ್ಟವಲ್ಲ. ಮೊದಲು ಗೋಡೆಯ ಮೇಲಿನ ಒತ್ತು ಕಾಳಿನ ಒತ್ತಡದ ಒಂದು ಪಾಲಷ್ಟೇ ಆಗಿತ್ತು. ಈಗ ಅದಕ್ಕೆ ಅಯಸ್ಕಾಂತದಿಂದ ಬಂದ ಒಂದು ಒತ್ತು ಕೂಡುತ್ತದೆ. ಕಂಬದ ಉದ್ದಕ್ಕೂ ಅದು ಒಂದೇ ಸಮ ಎಂದು ಹಿಡಿದರೆ, ಒತ್ತಡ ಏರಿ ನಿಲ್ಲಲು ಬೇಕಾದ ಆಳ ಮೊದಲಿನಷ್ಟೇ ಉಳಿಯುತ್ತದೆ. ಏರಿ ನಿಲ್ಲುವ ಮಟ್ಟ ಮಾತ್ರ ಬದಲಾಗುತ್ತದೆ. ಹೊಸ ಒತ್ತನ್ನು ಅಡ್ಡ ಪಾಲಿನಿಂದ ಭಾಗಿಸಿ ಹಳೆಯ ಮಟ್ಟದಿಂದ ಕಳೆದರೆ ಹೊಸ ಮಟ್ಟ. ಬಲ ಹೊರಮುಖ ಇದ್ದರೆ ತಳ ಹಗುರ. ಒಳಮುಖ ಇದ್ದರೆ ಗುಂಡುಗಳು ಗೋಡೆಯಿಂದ ಬಿಡಿಸಿಕೊಳ್ಳುತ್ತವೆ, ತಳ ಭಾರ.

ಹೊರಮುಖದ ಒತ್ತು ಸಾಕಷ್ಟು ದೊಡ್ಡದಾದರೆ ಏನಾಗಬೇಕು? ಒಂದು ಹಂತದಲ್ಲಿ ಪ್ರತಿ ಬಿಲ್ಲೆಯ ಪೂರ್ತಿ ತೂಕವನ್ನು ಅಯಸ್ಕಾಂತದಿಂದ ಬಂದ ಘರ್ಷಣೆಯೇ ಹೊರಬಲ್ಲದು. ಆಗ ತಳಕ್ಕೆ ಕೆಲಸವೇ ಇಲ್ಲ. 4 ಸೆಂಟಿಮೀಟರ್ ಅಗಲದ ಕೊಳವೆ, ಉಕ್ಕಿನ ಗುಂಡು, 0.3 ಘರ್ಷಣೆ ಎಂದು ಲೆಕ್ಕ ಹಾಕಿದೆ. ಬೇಕಾದ ಒತ್ತು ಸುಮಾರು 1,500 ಪಾಸ್ಕಲ್. ಅಂದರೆ ಗೋಡೆಯ ಪ್ರತಿ ಚದರ ಸೆಂಟಿಮೀಟರಿಗೆ 15 ಗ್ರಾಂ ತೂಕದಷ್ಟು ಒತ್ತು. ಕೇಳಲು ಇಷ್ಟೇ ಅನ್ನಿಸುತ್ತದೆ.

ಇಷ್ಟು ಓದಿದ ಮೇಲೆ ಅಯಸ್ಕಾಂತ ಗುಂಡುಗಳನ್ನು ಎತ್ತಿ ಹಿಡಿಯುತ್ತದೆ ಎಂದು ಯಾರಿಗಾದರೂ ಅನ್ನಿಸಬಹುದು. ಹಾಗಲ್ಲ. ಒಂದೇ ಸಮನಾದ ಕ್ಷೇತ್ರ ಕಂಬವನ್ನು ಒಂದು ಗ್ರಾಂನಷ್ಟೂ ಎತ್ತಲಾರದು. ಗುಂಡುಗಳ ನಡುವಿನ ಬಲಗಳು ಜೋಡಿ ಜೋಡಿಯಾಗಿ ಬರುತ್ತವೆ, ಒಂದು ಇನ್ನೊಂದನ್ನು ಎಳೆದಷ್ಟೇ ಅದು ಇದನ್ನು ಎಳೆಯುತ್ತದೆ. ಇಡೀ ಕಂಬಕ್ಕೆ ಕೂಡಿಸಿದರೆ ಮೊತ್ತ ಸೊನ್ನೆ. ತಳದ ಪಾಲು ಮತ್ತು ಗೋಡೆಯ ಪಾಲು ಕೂಡಿಸಿದರೆ ಕ್ಷೇತ್ರ ಇರಲಿ ಬಿಡಲಿ ಅದೇ ಒಟ್ಟು ತೂಕ. ಇಡೀ ಕೊಳವೆಯನ್ನೇ ತಕ್ಕಡಿಯ ಮೇಲಿಟ್ಟರೆ ಸ್ವಿಚ್ ಹಾಕಿದಾಗಲೂ ತೆಗೆದಾಗಲೂ ಮುಳ್ಳು ಅಲ್ಲಾಡುವುದಿಲ್ಲ. ಅಯಸ್ಕಾಂತ ಮಾಡುವುದು ಹಂಚಿಕೆಯ ಕೆಲಸ ಮಾತ್ರ. ಹೊರುವುದು ಗೋಡೆಯೇ. ಈ ಮಾತು ಎಂಜಿನಿಯರುಗಳಿಗೆ ತುಂಬ ಮುಖ್ಯ. ತೆಳ್ಳನೆಯ ಲೋಹದ ಸೈಲೊಗಳು ಸೊಟ್ಟಗಾಗಿ ಕುಸಿಯುವುದಕ್ಕೆ ಒಂದು ಕಾರಣ, ಘರ್ಷಣೆಯಿಂದ ಗೋಡೆಯ ಮೇಲೆ ಬೀಳುವ ಈ ಕೆಳಮುಖದ ಭಾರ. ತಳ ಹಗುರವಾಯಿತು ಎಂದರೆ ಗೋಡೆಗೆ ಅಷ್ಟು ಜಾಸ್ತಿಯಾಯಿತು ಎಂದೇ ಅರ್ಥ. ಉತ್ತರ ಕರ್ನಾಟಕದ ಹಗೇವಿನಲ್ಲಿ ಈ ಚಿಂತೆ ಇರಲಿಲ್ಲ. ಜೋಳವನ್ನು ನೆಲದೊಳಗಿನ ಕುಣಿಯಲ್ಲಿ ತುಂಬುತ್ತಿದ್ದರು. ಅಲ್ಲಿ ಗೋಡೆಗೆ ಸುತ್ತಲಿನ ಭೂಮಿಯೇ ಬೆನ್ನು ಕೊಟ್ಟಿತ್ತು.

ಇದರಿಂದ ಏನು ಉಪಯೋಗ

ಧಾನ್ಯದ ಗೋದಾಮಿಗೆ ಇದರಿಂದ ನೇರ ಉಪಯೋಗವಿಲ್ಲ. ಗೋಧಿ, ಜೋಳ ಅಯಸ್ಕಾಂತಕ್ಕೆ ಜಗ್ಗುವುದಿಲ್ಲ. ಕಾಳೇ ಉಕ್ಕಿನದ್ದಾದರೂ ಅಗಲ ಏರಿದಂತೆ ಬೇಕಾದ ಒತ್ತೂ ಏರುತ್ತದೆ. 4 ಸೆಂಟಿಮೀಟರಿಗೆ 1,500 ಪಾಸ್ಕಲ್ ಸಾಕು, 6 ಮೀಟರಿಗೆ ಅದರ 150ರಷ್ಟು ಬೇಕು. ಹಾಗಾಗಿ ಇದು ಕಿರಿದಾದ ಕೊಳವೆಗಳ, ಸಣ್ಣ ಯಂತ್ರಗಳ ವಿಷಯ.

ಅಲ್ಲಿ ಇದರ ಬಂಧುಗಳು ಈಗಾಗಲೇ ಇವೆ. 1940ರ ದಶಕದಲ್ಲೇ ಅಮೆರಿಕದ ಜೇಕಬ್ ರಾಬಿನೋ ಎಣ್ಣೆಯಲ್ಲಿ ಕಬ್ಬಿಣದ ಪುಡಿ ಕಲಸಿ, ಕಾಂತಕ್ಷೇತ್ರ ಕೊಟ್ಟಾಗ ಅದು ಗಟ್ಟಿಯಾಗಿ ಹಿಡಿಯುವಂಥ ಕ್ಲಚ್ ಮಾಡಿದರು. ಇವತ್ತು ಕೆಲವು ಕಾರುಗಳ ಶಾಕ್ ಅಬ್ಸಾರ್ಬರುಗಳಲ್ಲಿ ಅದೇ ತತ್ವ ಇದೆ. 1970ರ ದಶಕದ ಕೊನೆಗೆ ರೊನಾಲ್ಡ್ ರೋಸನ್ಸ್‌ವೀಗ್ ಕೆಳಗಿನಿಂದ ಗಾಳಿ ಊದಿ ತೇಲಿಸಿದ ಕಾಂತೀಯ ಕಣಗಳ ಹಾಸನ್ನು ಕ್ಷೇತ್ರ ಕೊಟ್ಟು ಶಾಂತವಾಗಿಡಬಹುದು, ಗಾಳಿಗುಳ್ಳೆ ಏಳದಂತೆ ತಡೆಯಬಹುದು ಎಂದು ತೋರಿಸಿದರು. ಒಣ ಗುಂಡುಗಳ ಕಂಬ ಈ ಸಾಲಿಗೆ ಹೊಸದು. ಬೇಕೆಂದಾಗ ಹಿಡಿದು ನಿಲ್ಲುವ, ಬೇಡವೆಂದಾಗ ಬಿಟ್ಟುಕೊಡುವ ಕಣಗಳ ರಾಶಿಯನ್ನು ಕವಾಟದಂತೆ, ಬಿಗಿತ ಬದಲಿಸುವ ಕೀಲಿನಂತೆ ಬಳಸುವ ದಾರಿ ಇಲ್ಲಿ ತೆರೆಯುತ್ತದೆ.

ಒಂದು ತೊಡಕನ್ನು ಮಾತ್ರ ಮರೆಯಬಾರದು. ಕ್ಷೇತ್ರ ತೆಗೆದ ಕೂಡಲೇ ತಳದ ಭಾರ ತಾನಾಗಿ ಹಳೆಯ ಅಂಕೆಗೆ ಮರಳಲೇಬೇಕು ಎಂದೇನಿಲ್ಲ. ಗಟ್ಟಿ ಉಕ್ಕಿನಲ್ಲಿ ಸ್ವಲ್ಪ ಕಾಂತತ್ವ ಉಳಿದುಬಿಡುತ್ತದೆ. ಅದಕ್ಕಿಂತ ಹೆಚ್ಚಾಗಿ, ಘರ್ಷಣೆ ಹಿಂದೆ ನಡೆದದ್ದನ್ನು ನೆನಪಿಟ್ಟುಕೊಳ್ಳುತ್ತದೆ. ಮೊದಲು ಸುರಿದು ಆಮೇಲೆ ಕ್ಷೇತ್ರ ಕೊಟ್ಟ ಕಂಬಕ್ಕೂ, ಕ್ಷೇತ್ರ ಇಟ್ಟುಕೊಂಡೇ ಸುರಿದ ಕಂಬಕ್ಕೂ ಗುಂಡುಗಳು ಕೂತ ಬಗೆ ಬೇರೆಯಾಗಬಹುದು, ತಳದ ಅಂಕೆಯೂ ಬೇರೆಯಾಗಬಹುದು. ಹಾಗಾಗಿ ಇಂಥ ಕಂಬವನ್ನು ಯಂತ್ರದಲ್ಲಿ ಬಳಸುವವರು ಕ್ಷೇತ್ರದ ಅಂಕೆಯೊಂದನ್ನೇ ನೋಡಿದರೆ ಸಾಲದು. ಕಂಬವನ್ನು ಹೇಗೆ ತುಂಬಿದರು, ಆಮೇಲೆ ಅದು ಯಾವ ಕಡೆಗೆ ಎಷ್ಟು ಜಾರಿತು ಎನ್ನುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.